ಬಾಡಿಗೆ ಸಾಕ್ಷಿಗಳ ಜಾಲ

ನ್ಯಾಯಾಲಯದ ಆವರಣದಲ್ಲಿ ಬಾಡಿಗೆ ಸಾಕ್ಷಿಗಳು ಸಿಗುತ್ತಾರೆಂದು ಕೇಳಿದ್ದೆವು. ಅಂತರ್ಜಾಲದಲ್ಲಿಯೂ ಅಂಥ ಕಸುಬೊಂದು ಬಹುಕಾಲದಿಂದ ನಡೆದಿದೆ. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ ಗೂಗಲ್‌ನ ಶೋಧ ವಿಧಾನವನ್ನು ವಿವರಿಸಿದಾಗ, ಒಂದು ಜಾಲತಾಣ ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು, ಅಂದರೆ ಲಿಂಕನ್ನು, ಸಾಕ್ಷಿಯೆಂದು ಪರಿಗಣಿಸಿದ್ದರು. ಎಷ್ಟು ಕೊಂಡಿಗಳಿವೆ ಎಂಬುದಷ್ಟೇ ಅಲ್ಲ, ಕೊಟ್ಟವರ ತೂಕವೆಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತಿತ್ತು. ಆ ತೂಕವೂ ಪುಟದಲ್ಲಿರುವ ಕೊಂಡಿಗಳ ನಡುವೆ ಹಂಚಿಹೋಗುತ್ತಿತ್ತು. ಐನೂರು ಜನರನ್ನು ಒಟ್ಟಿಗೆ ಹೊಗಳುವವನ ಮಾತಿಗೆ ಬೆಲೆಯೆಷ್ಟು?

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಗಾಣದ ಕೊಬ್ಬರಿ ಎಣ್ಣೆ ಮಾರುವ ನನ್ನ ಸೋದರತ್ತೆಯ ಮಗನಿಗೆ ಕಳೆದ ವರ್ಷ ಇಂಥ ದಳ್ಳಾಳಿಯೊಬ್ಬನ ಕರೆ ಬಂದಿತ್ತು. 500 ಕೊಂಡಿಗಳಿಗೆ 15 ಸಾವಿರ ರೂಪಾಯಿ, ಗೂಗಲ್‌ನ ಮೊದಲ ಪುಟ ಖಚಿತವಂತೆ. 'ಭಾವ, ಒಂದಕ್ಕೆ ಮೂವತ್ತೇ ರೂಪಾಯಿ ಬೀಳುತ್ತೆ, ಹಾಕಿಸಿಬಿಡೋಣವಾ?' ಎಂದು ಕೇಳಿದ. ಅದು ಅವನ ಎರಡು ತಿಂಗಳ ಲಾಭ. ಬೇಡವೆಂದೆ.

ಅಮೆರಿಕದ ಜೆ.ಸಿ. ಪೆನ್ನಿಯಂಥ ದೊಡ್ಡ ಮಳಿಗೆಯೇ ಈ ದಾರಿಯಲ್ಲಿ ಎಡವಿದೆ. ಸಂಬಂಧವಿಲ್ಲದ ನೂರಾರು ತಾಣಗಳಲ್ಲಿ ಅದಕ್ಕೆ ಸಾವಿರಾರು ಕೊಂಡಿಗಳಿದ್ದುದನ್ನು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡೊಡನೆ ಮೊದಲ ಸ್ಥಾನಗಳು ಕೈಜಾರಿದವು. ತನಗೆ ತಿಳಿದಿರಲಿಲ್ಲವೆಂದ ಕಂಪನಿ ತನ್ನ ಸಲಹಾ ಸಂಸ್ಥೆಯನ್ನು ಕೈಬಿಟ್ಟಿತು. 2012ರ ಏಪ್ರಿಲ್‌ನಲ್ಲಿ 'ಪೆಂಗ್ವಿನ್' ಎಂಬ ಬದಲಾವಣೆ ಬಂದು, ಇಂಥ ಕೃತಕ ಕೊಂಡಿಗಳನ್ನು ನೆಚ್ಚಿದ್ದ ಅಸಂಖ್ಯ ತಾಣಗಳು ಕುಸಿದವು. ದೊಡ್ಡವರು ಜಾಹೀರಾತು ಕೊಟ್ಟು ಸಂಭಾಳಿಸಿಕೊಳ್ಳುತ್ತಾರೆ. ಎಣ್ಣೆ ಗಾಣದವನಿಗೆ ಆ ಆಸರೆ ಎಲ್ಲಿದೆ? ಹಣ ಕೊಟ್ಟ ಕೊಂಡಿಯೆಲ್ಲ ಅಪರಾಧವೆಂದಲ್ಲ. ಜಾಹೀರಾತೆಂದು ಗುರುತು ಹಾಕಿದರೆ ಗೂಗಲ್‌ಗೆ ಆಕ್ಷೇಪವಿಲ್ಲ. ಆದರೆ ಅದರಿಂದ ಶ್ರೇಣಿ ಏರುತ್ತದೆಂದು ನೆಚ್ಚುವಂತಿಲ್ಲ.

ನಂಬಿಕಸ್ತರ ಒಂದು ಮಾತಿಗೆ ಎಷ್ಟು ಬಲವೆಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಹಲಸಿನ ಮರವೊಂದು ದಶಕಗಳ ಕಾಲ ಸುತ್ತಲಿನವರಿಗಷ್ಟೇ ಪರಿಚಿತವಾಗಿತ್ತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಗುಣವನ್ನು ಪರೀಕ್ಷಿಸಿ 'ಸಿದ್ದು' ಎಂದು ಗುರುತಿಸಿದ ಮೇಲೆ ಸಸಿಗಳಿಗೆ ದೂರದೂರದಿಂದ ಬೇಡಿಕೆ ಬಂತು. ಹಣ್ಣು ಹಿಂದಿನದೇ, ಸಾಕ್ಷಿ ನುಡಿದವರು ಮಾತ್ರ ಹೊಸಬರು.

ಸಣ್ಣ ವ್ಯಾಪಾರಿಗೂ ಅಂಥ ಸಾಕ್ಷಿಗಳು ಹತ್ತಿರದಲ್ಲೇ ಇರುತ್ತಾರೆ. ಗಾಣ ತಯಾರಿಸಿಕೊಟ್ಟ ಕಾರ್ಖಾನೆ, ಎಣ್ಣೆ ಇಟ್ಟು ಮಾರುವ ಬೆಂಗಳೂರಿನ ಅಂಗಡಿ, ಸದಸ್ಯತ್ವ ಪಡೆದ ರೈತ ಉತ್ಪಾದಕರ ಕಂಪನಿ. ಅವರಿಗೆ ಜಾಲತಾಣವಿದ್ದರೆ ನಮ್ಮ ಹೆಸರಿಗೊಂದು ಕೊಂಡಿ ಕೊಡಿರೆಂದು ಕೇಳಲು ಸಂಕೋಚವೇಕೆ? ಅದಕ್ಕಿಂತ ಮುಖ್ಯವಾಗಿ, ಪರರು ತಾವಾಗಿ ಬೊಟ್ಟು ಮಾಡುವಂಥ ಪುಟವೊಂದು ನಮ್ಮಲ್ಲಿರಬೇಕು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ಅದನ್ನು ಕಂಡು ಕಲಬೆರಕೆಯೆಂದು ದೂರುವ ಗ್ರಾಹಕರಿದ್ದಾರೆ. ಅದರ ಕಾರಣವನ್ನು ಚಿತ್ರಸಹಿತ ಕನ್ನಡದಲ್ಲಿ ವಿವರಿಸಿದ ಪುಟವನ್ನು ಅಡುಗೆಯ ಅಂಕಣಕಾರರೂ ಆಹಾರ ವಿಜ್ಞಾನದ ಅಧ್ಯಾಪಕರೂ ಉಲ್ಲೇಖಿಸಬಹುದು. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಮೊದಲ ಪುಟದ ಖಾತರಿಯನ್ನು ಯಾರೂ ಕೊಡಲಾರರು. ಬರೆಯುವುದಕ್ಕೆ ಮಾತ್ರ ಹದಿನೈದು ಸಾವಿರ ಬೇಕಿಲ್ಲ.