ಪೊಟ್ಟಣದ ಆಯುಷ್ಯ

ಸೃಷ್ಟಿಯಲ್ಲಿ ಹೊದಿಕೆಯಿಲ್ಲದ ಫಲವು ವಿರಳ. ಬಾಳೆಯ ಹಣ್ಣಿಗೆ ಸಿಪ್ಪೆಯುಂಟು; ತೆಂಗಿನಕಾಯಿಗೆ ನಾರೂ ಕರಟವೂ ಉಂಟು; ಕಡಲೆಕಾಯಿಗೆ ಎರಡೆರಡು ಹೊದಿಕೆಗಳುಂಟು. ಈ ಹೊದಿಕೆಗಳಲ್ಲಿ ಒಂದು ವಿಶೇಷವನ್ನು ನಾವು ಗಮನಿಸಬೇಕು. ಒಳಗಿನ ವಸ್ತುವಿಗೆ ರಕ್ಷಣೆ ಬೇಕಾಗಿರುವಷ್ಟು ಕಾಲ ಅವು ಗಟ್ಟಿಯಾಗಿರುತ್ತವೆ. ಕೆಲಸ ಮುಗಿದ ಮೇಲೆ ಕೆಲವು ಬೇಗನೆ, ಕೆಲವು ತಡವಾಗಿ, ಮಣ್ಣಿನಲ್ಲಿ ಮಣ್ಣಾಗುತ್ತವೆ. ಮಾನವನು ಕಟ್ಟುವ ಪೊಟ್ಟಣವನ್ನೂ ಇದೇ ಅಳತೆಗೋಲಿನಿಂದ ಅಳೆದು ನೋಡೋಣ.

ಪಾಲಿಥೀನ್ ಎಂಬ ಪದಾರ್ಥವು 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ದೊರೆಯಿತು. 1960ರ ದಶಕದಲ್ಲಿ ಸ್ವೀಡನ್ ದೇಶದಲ್ಲಿ ಅದರಿಂದ ಹಿಡಿಕೆಯುಳ್ಳ ಚೀಲವನ್ನು ರೂಪಿಸಿದರು. ಅದು ಹಗುರ, ಅಗ್ಗ, ಬಲು ಗಟ್ಟಿ. ನೀರಿಗೆ ನೆನೆಯುವುದಿಲ್ಲ, ಕೊಳೆಯುವುದಿಲ್ಲ. ಈ ಗುಣಗಳೇ ಕಡೆಗೆ ದೋಷಗಳಾದವು. ಎಲೆಯನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಪಾಲಿಥೀನಿನ ಉದ್ದವಾದ ಇಂಗಾಲದ ಸರಪಳಿಗಳನ್ನು ಸುಲಭವಾಗಿ ಕಡಿಯಲು ಬಾರದು. ಬಿಸಿಲಿಗೆ ಅದು ಚೂರುಚೂರಾಗುವುದೇ ಹೊರತು ಇಲ್ಲವಾಗುವುದಿಲ್ಲ. ಚಿಪ್ಸಿನ ಪೊಟ್ಟಣದ ಸಂಗತಿ ಇನ್ನೂ ತೊಡಕಿನದು. ಗಾಳಿಯೂ ತೇವವೂ ಒಳಹೊಗದಂತೆ ಅದರಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಮ್ಮಿನ ತೆಳು ಪದರಗಳನ್ನು ಒಂದಕ್ಕೊಂದು ಅಂಟಿಸಿರುತ್ತಾರೆ. ಅವನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಹಳೆಯ ಸಾಮಾನಿನವರೂ ಅದನ್ನು ಕೊಳ್ಳುವುದಿಲ್ಲ. ತಿಂಡಿ ಐದು ನಿಮಿಷದಲ್ಲಿ ಮುಗಿಯುತ್ತದೆ. ಪೊಟ್ಟಣವು ನಮ್ಮೆಲ್ಲರಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇದರ ಫಲವನ್ನು ನಮ್ಮ ಮುಂಬಯಿ ನಗರವು ಕಣ್ಣಾರೆ ಕಂಡಿದೆ. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಗೆ ಯಾವ ನಗರವಾದರೂ ತತ್ತರಿಸುತ್ತಿತ್ತು, ನಿಜ. ಆದರೆ ಚರಂಡಿಗಳಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳು ನೀರು ಹರಿದುಹೋಗುವ ದಾರಿಗೆ ಅಡ್ಡಿಯಾಗಿದ್ದುವು. ನೂರಾರು ಜನರು ಆ ಪ್ರವಾಹದಲ್ಲಿ ಪ್ರಾಣ ಕಳೆದುಕೊಂಡರು. 2018ರಲ್ಲಿ ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶದಲ್ಲೆಲ್ಲ ನಿಷಿದ್ಧವಾದುವು. ಏನನ್ನು ಬಳಸಬಾರದೆಂದು ಶಾಸನವು ಹೇಳಬಲ್ಲುದು. ಏನನ್ನು ಬಳಸಬೇಕೆಂಬುದನ್ನು ನಾವೇ ಯೋಚಿಸಬೇಕು.

ಇದಕ್ಕೆ ಎರಡು ಮಾರ್ಗಗಳುಂಟು. ಮೊದಲನೆಯದು, ಕೊಳೆಯುವ ಹೊದಿಕೆ. ಇದನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಅನೇಕರ ಹಿರಿಯರು ತುಳುನಾಡಿನವರು. ಅಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ತುಂಬಿ, ಹುಲ್ಲಿನ ಹಗ್ಗದಿಂದಲೇ ಬಿಗಿದು, ಉರುಟಾದ ‘ಮುಡಿ’ಯಾಗಿ ಕಟ್ಟುತ್ತಿದ್ದರು. ಅಡಿಕೆಯ ಮರದಿಂದ ತಾನಾಗಿ ಉದುರುವ ಹಾಳೆಯಿಂದ ರೈತರು ‘ಮುಟ್ಟಾಳೆ’ ಎಂಬ ಟೊಪ್ಪಿಗೆಯನ್ನು ಮಾಡಿಕೊಂಡರು. ಇಂದು ಅದೇ ಹಾಳೆಯನ್ನು ತೊಳೆದು, ನೆನೆಸಿ, ಕಾಯಿಸಿದ ಅಚ್ಚಿನಲ್ಲಿ ಒತ್ತಿ ತಟ್ಟೆಗಳನ್ನು ತಯಾರಿಸುತ್ತಾರೆ. ಅದಕ್ಕೆ ಅಂಟೂ ಬೇಡ, ಬಣ್ಣವೂ ಬೇಡ. ಉಡುಪಿಯ ಶಂಕರಪುರದ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ಕಟ್ಟಿ, ಬಾಳೆಯ ಎಲೆಯಲ್ಲಿ ಸುತ್ತುತ್ತಾರೆ. ಎಲೆಯ ಮೇಣದಂಥ ಮೈ ತೇವವನ್ನು ಹಿಡಿದಿಟ್ಟು, ಹೂವು ಬೇಗ ಬಾಡದಂತೆ ಕಾಯುತ್ತದೆ. ಹೂವು ಬಾಡುವ ಹೊತ್ತಿಗೆ ಎಲೆಯೂ ಬಾಡುತ್ತದೆ. ಹೊದಿಕೆಗೂ ಒಳಗಿನ ವಸ್ತುವಿಗೂ ಆಯುಷ್ಯದಲ್ಲಿ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಉಂಟೇ?

ಎರಡನೆಯದು, ಮರಳಿ ಬರುವ ಹೊದಿಕೆ. ಇದಕ್ಕೆ ನಮ್ಮ ನಗರವೇ ಗುರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಇಲ್ಲಿಯ ಡಬ್ಬಾವಾಲರು ಮನೆಯ ಊಟವನ್ನು ಲೋಹದ ಡಬ್ಬಿಗಳಲ್ಲಿ ಕಚೇರಿಗಳಿಗೆ ಮುಟ್ಟಿಸಿ, ಖಾಲಿ ಡಬ್ಬಿಯನ್ನು ಅದೇ ದಿನ ಮನೆಗೆ ತಲಪಿಸುತ್ತ ಬಂದಿದ್ದಾರೆ. ಒಂದು ಡಬ್ಬಿ ವರ್ಷಗಟ್ಟಲೆ ದುಡಿಯುತ್ತದೆ. ಕಸದ ಬುಟ್ಟಿಗೆ ಬೀಳುವುದು ಏನೂ ಇಲ್ಲ. ಹಿಂದೆ ಆರೇ ಕೇಂದ್ರದ ಹಾಲು ಕೂಡ ಗಾಜಿನ ಸೀಸೆಗಳಲ್ಲಿ ಬರುತ್ತಿತ್ತು. ಖಾಲಿ ಸೀಸೆಯನ್ನು ಹಿಂದಿರುಗಿಸಿ ತುಂಬಿದುದನ್ನು ತರುತ್ತಿದ್ದರು. ಬಾಳಿಕೆ ಬರುವ ವಸ್ತುವಿನಿಂದ ಹೊದಿಕೆ ಮಾಡುವುದು ತಪ್ಪಲ್ಲ. ಅದನ್ನು ಒಂದೇ ಸಲ ಬಳಸಿ ಎಸೆಯುವುದು ತಪ್ಪು.

ಇಲ್ಲಿ ಕೆಲವು ಎಚ್ಚರಿಕೆಗಳೂ ಅವಶ್ಯ. ಪ್ಲಾಸ್ಟಿಕ್ ಅಲ್ಲದ್ದೆಲ್ಲವೂ ಒಳ್ಳೆಯದೆಂದು ತಿಳಿಯಬಾರದು. ಹಳೆಯ ವೃತ್ತಪತ್ರಿಕೆಯಲ್ಲಿ ಬಿಸಿ ವಡೆಯನ್ನು ಕಟ್ಟಿದರೆ ಮಸಿಯಲ್ಲಿನ ಹಾನಿಕರ ದ್ರವ್ಯಗಳು ತಿಂಡಿಗೆ ಅಂಟುತ್ತವೆ. ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿಯೇ ಇದರ ವಿರುದ್ಧ ಎಚ್ಚರಿಸಿದೆ. ಮೆಕ್ಕೆಜೋಳದ ಪಿಷ್ಟದಿಂದ ಪಡೆದ ಪಾಲಿಲ್ಯಾಕ್ಟಿಕ್ ಆಮ್ಲದ ಚೀಲಗಳು ಬೇಗ ಕೊಳೆಯಬೇಕಾದರೆ ಗೊಬ್ಬರದ ಘಟಕದಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು; ಸಮುದ್ರಕ್ಕೆ ಬಿದ್ದರೆ ಅವೂ ಬಹುಕಾಲ ಉಳಿಯುತ್ತವೆ. ಹತ್ತಿಯನ್ನು ಬೆಳೆಯಲು ಹೇರಳ ನೀರು ಬೇಕಾದ್ದರಿಂದ, ಹೊಸ ಬಟ್ಟೆಯ ಚೀಲವನ್ನು ನಾಲ್ಕು ದಿನ ಬಳಸಿ ಬಿಸುಟರೆ ಲಾಭವಿಲ್ಲ. ಹಳೆಯ ಸೀರೆಯಿಂದ ಹೊಲಿದು, ಹರಿಯುವವರೆಗೂ ಬಳಸಿದ ಚೀಲವೇ ಶ್ರೇಷ್ಠ.

ಆದುದರಿಂದ ಅಂಗಡಿಯಲ್ಲಿ ಯಾವುದೇ ಪೊಟ್ಟಣವು ಕೈಗೆ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದು ಬೇಕೇ? ಬೇಕಾದರೆ, ಮರಳಿ ಬಳಸಬಹುದೇ? ಬಳಸಲಾಗದಿದ್ದರೆ, ಮಣ್ಣಾಗುವುದೇ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಅದನ್ನು ಅಂಗಡಿಯವರಿಗೆ ವಿನಯದಿಂದ ಹಿಂದಿರುಗಿಸೋಣ. ಮಳೆಗಾಲವು ಪ್ರತಿವರ್ಷವೂ ಬರುತ್ತದೆ. ಚರಂಡಿಗಳು ತೆರೆದಿರಬೇಕಾದರೆ ಈ ಸಣ್ಣ ಕೆಲಸವನ್ನು ಮಕ್ಕಳಾದ ನಾವೂ ಮಾಡಬಲ್ಲೆವು.