ಶಾಸನಪಾಠಗಳ ಪ್ರಕಟನೆಯೂ ಸ್ಫಿಂಕ್ಸ್ ಎಂಬ ಮುಕ್ತ ತಂತ್ರಾಂಶವೂ

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ಕಂಡು, ಅದರ ನಿರ್ಮಾಣಕ್ಕೆ ಸಂಬಂಧಿಸಿದ ಶಾಸನಗಳನ್ನು ಓದಬಯಸುವವರು ಅವುಗಳನ್ನು ಅಲ್ಲಿ ಕಾಣಲಾರರು. ರಟ್ಟವಂಶದ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಕಟ್ಟಿಸಿದ ಜಿನಾಲಯಕ್ಕೆ ಕ್ರಿ.ಶ. ೧೨೦೪ರಲ್ಲಿ ಕೊಟ್ಟ ದತ್ತಿಗಳನ್ನು ಹೇಳುವ ಎರಡು ಶಿಲಾಲೇಖಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ. ಅವುಗಳ ಪಾಠವನ್ನು ಬಾರ್ನೆಟ್ ಪಂಡಿತರು ‘ಎಪಿಗ್ರಾಫಿಯಾ ಇಂಡಿಕಾ’ದ ೧೩ನೆಯ ಸಂಪುಟದಲ್ಲಿ ಪ್ರಕಟಿಸಿದರು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ದೊರೆತ ಆದಿಕದಂಬರ ತಾಮ್ರಪಟಗಳ ಪಾಠವಾದರೋ ಫ್ಲೀಟ್ ಪಂಡಿತರ ಪರಿಶ್ರಮದಿಂದ ‘ಇಂಡಿಯನ್ ಆಂಟಿಕ್ವೆರಿ’ಯ ೧೮೭೭-೭೮ರ ಸಂಪುಟಗಳಲ್ಲಿ ಅಚ್ಚಾಯಿತು.

ಇಂತಹ ಪಾಠಗಳು ಒಂದು ಕಡೆ, ಅವುಗಳ ಮೇಲಣ ಚರ್ಚೆಗಳೂ ತಿದ್ದುಪಡಿಗಳೂ ಹಲವು ಕಡೆ ಚೆದರಿರುವುದು ವಿದ್ವಾಂಸರಿಗೆ ವಿದಿತವೇ ಇದೆ. ಪಾಠವೊಂದು ತಪ್ಪೆಂದು ಸಿದ್ಧವಾದ ಮೇಲೂ, ತಿದ್ದುಪಡಿ ಕೈಗೆ ಸಿಕ್ಕದಿದ್ದವರು ಹಳೆಯ ಪಾಠವನ್ನೇ ಉದಾಹರಿಸುತ್ತಾರೆ; ಅದನ್ನೇ ವಿದ್ಯಾರ್ಥಿಗಳು ಕಲಿಯುತ್ತಾರೆ. ಹೊಸ ಸಂಪುಟವನ್ನು ಅಚ್ಚು ಮಾಡಿಸಿದ ಮಾತ್ರಕ್ಕೆ ಈ ದೋಷವು ಪೂರ್ತಿಯಾಗಿ ನಿವಾರಣೆಯಾಗದು, ಏಕೆಂದರೆ ಅಚ್ಚಾದ ದಿನದಿಂದಲೇ ಅದೂ ಹಳತಾಗತೊಡಗುವುದು. ತಿದ್ದುಪಡಿಯನ್ನು ತನ್ನ ಜೊತೆಯಲ್ಲಿಯೇ ಹೊತ್ತು ನಡೆಯುವ ಪ್ರಕಟನೆ ನಮಗೆ ಬೇಕಾಗಿದೆ. ಅದಕ್ಕೆ ಒದಗಬಲ್ಲ ಒಂದು ಸಾಧನವನ್ನು ಇಲ್ಲಿ ವಿವರಿಸಲಾಗಿದೆ.

ಆ ಸಾಧನದ ಹೆಸರು ಸ್ಫಿಂಕ್ಸ್. ಪೈಥಾನ್ ಎಂಬ ಗಣಕಭಾಷೆಯ ಕೈಪಿಡಿಗಳನ್ನು ಪ್ರಕಟಿಸುವ ಸಲುವಾಗಿ ಗೇಯೋರ್ಗ್ ಬ್ರಾಂಡ್ಲ್ ಎಂಬವರು ಇದನ್ನು ರಚಿಸಿ ೨೦೦೮ರಲ್ಲಿ ಹೊರತಂದರು. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬೆಲೆ ಕೊಡದೆ ಬಳಸಬಹುದು, ಒಳಗಣ ರಚನೆಯನ್ನು ಪರೀಕ್ಷಿಸಬಹುದು, ಮಾರ್ಪಡಿಸಿಕೊಳ್ಳಬಹುದು. ಇದರ ಮೂಲತತ್ತ್ವವು ಪಾಠವನ್ನು ರೂಪದಿಂದ ಬೇರ್ಪಡಿಸುವುದಾಗಿದೆ. ಲೇಖಕನು ಸಾದಾ ಪಠ್ಯಕಡತದಲ್ಲಿ, ಶೀರ್ಷಿಕೆ ಇದು, ಅಡಿಟಿಪ್ಪಣಿ ಇದು ಎಂಬ ಕೆಲವೇ ಚಿಹ್ನೆಗಳೊಡನೆ ಬರೆಯುತ್ತಾನೆ. ಆ ಒಂದೇ ಮಾತೃಕೆಯಿಂದ ಜಾಲತಾಣವನ್ನೂ, ಅಚ್ಚಿಗೆ ಯೋಗ್ಯವಾದ ಪಿಡಿಎಫ್ ಪ್ರತಿಯನ್ನೂ, ಇ-ಪುಸ್ತಕವನ್ನೂ ತಂತ್ರಾಂಶವು ಸಿದ್ಧಪಡಿಸುತ್ತದೆ. ಹಿಂದೆ ಒಂದು ಮಾತೃಕೆಯಿಂದ ಹಲವು ಓಲೆಪ್ರತಿಗಳು ಹುಟ್ಟುತ್ತಿದ್ದುವು, ಪ್ರತಿಗೊಂದು ಪಾಠಭೇದವೂ ಹುಟ್ಟುತ್ತಿತ್ತು. ಇಲ್ಲಿ ಪ್ರತಿಗಳೆಲ್ಲ ಪ್ರತಿಸಲವೂ ಮಾತೃಕೆಯಿಂದಲೇ ಹೊಸದಾಗಿ ಹುಟ್ಟುವುದರಿಂದ ಲಿಪಿಕಾರನ ಪ್ರಮಾದಕ್ಕೆ ಅವಕಾಶವಿಲ್ಲ.

ನಿರ್ಮಾಣಕ್ರಮವು ಹೀಗಿರುತ್ತದೆ. ತಂತ್ರಾಂಶವನ್ನು ಗಣಕಯಂತ್ರದಲ್ಲಿ ಸ್ಥಾಪಿಸಿ ಮೊದಲ ಆಜ್ಞೆಯನ್ನು ಕೊಟ್ಟರೆ, ಗ್ರಂಥದ ಹೆಸರು, ಸಂಪಾದಕರು, ಭಾಷೆ ಮೊದಲಾದುವನ್ನು ಕೇಳಿಕೊಂಡು ಅದು ಮುಖ್ಯವಾಗಿ ಎರಡು ಕಡತಗಳನ್ನು ರಚಿಸುತ್ತದೆ: ಒಂದು ವ್ಯವಸ್ಥೆಯ ಕಡತ, ಮತ್ತೊಂದು ವಿಷಯಾನುಕ್ರಮದ ಕಡತ. ಬಳಿಕ ಶಾಸನಕ್ಕೊಂದರಂತೆ ಕಡತವನ್ನು ಬರೆದು, ದೊರೆತ ಸ್ಥಳ, ಕಾಲ, ಮೂಲಪಾಠ, ಅನುವಾದ, ಟಿಪ್ಪಣಿ ಎಂಬ ಭಾಗಗಳನ್ನು ಎಲ್ಲದರಲ್ಲಿಯೂ ಒಂದೇ ಕ್ರಮದಲ್ಲಿ ಇಡಬೇಕು. ಅವುಗಳ ಹೆಸರನ್ನು ಅನುಕ್ರಮದ ಕಡತದಲ್ಲಿ ಸೇರಿಸಿ ಎರಡನೆಯ ಆಜ್ಞೆಯನ್ನು ಕೊಟ್ಟೊಡನೆ ಪುಟಗಳು ಸಿದ್ಧವಾಗುತ್ತವೆ. ಇವು ಸ್ಥಿರಪುಟಗಳಾದುದರಿಂದ ದತ್ತಾಂಶಕೋಶದ ಹಂಗಿಲ್ಲ. ಸಾಮಾನ್ಯವಾದ ಯಾವ ಸರ್ವರಿನಲ್ಲಿಯೂ ಇಡಬಹುದು. ಪೆನ್‌ಡ್ರೈವಿನಲ್ಲಿ ಒಯ್ದು, ಅಂತರ್ಜಾಲವಿಲ್ಲದ ಹಳ್ಳಿಯ ಶಾಲೆಯಲ್ಲಿಯೂ ತೆರೆದು ಓದಬಹುದು. ಪಿಡಿಎಫ್ ಪ್ರತಿಗೆ ಮಾತ್ರ ವ್ಯವಸ್ಥೆಯ ಕಡತದಲ್ಲಿ ಝೀಲೇಟೆಕ್ ಎಂಬ ಮುದ್ರಣಯಂತ್ರಾಂಗವನ್ನೂ ಕನ್ನಡದ ಅಕ್ಷರವಿನ್ಯಾಸವನ್ನೂ ಹೆಸರಿಸತಕ್ಕದ್ದು; ಇಲ್ಲವಾದರೆ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡವು.

ಸಂಶೋಧಕರಿಗೆ ಹೆಚ್ಚು ಪ್ರಯೋಜನಕರವಾದುದು ಪದಕೋಶದ ಏರ್ಪಾಡು. ಹಲಸಿಯು ತಾಮ್ರಪಟಗಳಲ್ಲಿ ಪಲಾಶಿಕಾ. ಬೆಳಗಾವಿಯು ಶಿಲಾಲೇಖಗಳಲ್ಲಿ ವೇಣುಗ್ರಾಮ. ಇಂತಹ ಹೆಸರುಗಳನ್ನು ಪದಕೋಶದಲ್ಲಿ ಒಮ್ಮೆ ನಿರೂಪಿಸಿ, ಪಾಠದಲ್ಲಿ ಅವು ಬಂದೆಡೆಗಳಲ್ಲಿ ನಿರ್ದೇಶಚಿಹ್ನೆಯನ್ನು ಇಟ್ಟರೆ ಓದುಗನು ಅಲ್ಲಿಂದಲೇ ವಿವರಣೆಗೆ ಹೋಗಬಲ್ಲನು. ಕೋಶದಲ್ಲಿಲ್ಲದ ಹೆಸರನ್ನು ನಿರ್ದೇಶಿಸಿದ್ದರೆ ತಂತ್ರಾಂಶವು ಕಡತವನ್ನೂ ಸಾಲನ್ನೂ ಹೇಳಿ ಎಚ್ಚರಿಸುತ್ತದೆ. ಎಚ್ಚರಿಕೆಗಳನ್ನೆಲ್ಲ ದೋಷಗಳೆಂದೇ ಎಣಿಸುವಂತೆ ವಿಧಿಸಿದರೆ ಸಿದ್ಧತೆ ಸಫಲವೇ ಆಗದು.

ಕನ್ನಡಕ್ಕೆ ಇಲ್ಲಿ ಒಂದು ತೊಡಕುಂಟು. ನಿರ್ದೇಶಚಿಹ್ನೆ ಮುಗಿದ ಮೇಲೆ ತೆರವೋ ವಿರಾಮಚಿಹ್ನೆಯೋ ಬರಬೇಕೆಂಬುದು ಈ ಬರವಣಿಗೆಯ ನಿಯಮ. ನಮ್ಮ ವಿಭಕ್ತಿಪ್ರತ್ಯಯಗಳೋ ಪ್ರಕೃತಿಗೆ ಅಂಟಿಯೇ ನಿಲ್ಲುವುವು. ‘ಹಲಸಿ’ಗೆ ಚಿಹ್ನೆಯಿಟ್ಟು ‘ಯಲ್ಲಿ’ ಎಂದು ಒಡನೆಯೇ ಬರೆದರೆ ಚಿಹ್ನೆಯು ಕೆಲಸ ಮಾಡದು. ‘ಹಲಸಿಯಲ್ಲಿ’ ಎಂಬ ಪೂರ್ಣರೂಪವನ್ನು ಬರೆದು, ಒಳಗಡೆ ಕೋನಾವರಣದಲ್ಲಿ ‘ಹಲಸಿ’ ಎಂಬ ಪ್ರಕೃತಿಯನ್ನು ಸೂಚಿಸುವುದೇ ಇದಕ್ಕೆ ಪರಿಹಾರ.

ಅಕಾರಾದಿಯಲ್ಲಿಯೂ ಎಚ್ಚರ ಬೇಕು. ತಂತ್ರಾಂಶವು ಶಬ್ದಗಳನ್ನು ಜೋಡಿಸುವುದು ಯೂನಿಕೋಡ್ ಸಂಕೇತದ ಅನುಕ್ರಮದಲ್ಲಿ. ಳಕಾರವು ಹಕಾರದ ಬಳಿಕ ಬರುವುದು ನಮ್ಮ ರೂಢಿ. ಸಂಕೇತದಲ್ಲಿ ಅದು ಲಕಾರದ ಬೆನ್ನಿಗೇ ಇದೆ. ಹಳಗನ್ನಡದ ೞಕಾರವು ಸ್ವರಚಿಹ್ನೆಗಳಿಗಿಂತಲೂ ಆಚೆ ಇರುವುದರಿಂದ ‘ಪೞ’ ಎಂದು ಮೊದಲಾಗುವ ಶಬ್ದವು ‘ಪಾ’, ‘ಪಿ’, ‘ಪು’ಗಳೆಲ್ಲ ಮುಗಿದ ಮೇಲೆ ಬರುವುದು. ಪದಕೋಶವನ್ನು ವಿಂಗಡಿಸೆಂದು ಹೇಳದಿದ್ದರೆ ತಂತ್ರಾಂಶವು ಬರೆದ ಕ್ರಮವನ್ನೇ ಉಳಿಸುವುದು. ಆದುದರಿಂದ ಸಂಪಾದಕರೇ ಕ್ರಮವನ್ನು ನಿಶ್ಚಯಿಸುವುದು ಲೇಸು.

ಈ ೞಕಾರದ ಇತಿಹಾಸವು ನಮಗೊಂದು ಪಾಠವಾಗಿದೆ. ಯೂನಿಕೋಡಿನಲ್ಲಿ ಪ್ರಮಾದವಶಾತ್ ಇದಕ್ಕೆ ‘ಫ಼’ಕಾರದ ಹೆಸರು ದಾಖಲಾಯಿತು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಹಳೆಯ ಹೆಸರನ್ನು ಉಳಿಸಿಯೇ, ಸರಿಯಾದ ಹೆಸರನ್ನು ತಿದ್ದುಪಡಿಯೆಂದು ಪಕ್ಕದಲ್ಲಿ ಸೇರಿಸಿದ್ದಾರೆ. ತಪ್ಪನ್ನು ಅಳಿಸದೆ ತಿದ್ದುವ ಈ ಪದ್ಧತಿಯೇ ಶಾಸನಸಂಪಾದನೆಗೂ ತಕ್ಕುದು. ಸ್ಫಿಂಕ್ಸಿನ ಕಡತಗಳನ್ನು ೨೦೦೫ರಲ್ಲಿ ಹುಟ್ಟಿದ ಗಿಟ್ ಎಂಬ ತಂತ್ರಾಂಶದಲ್ಲಿ ಇಟ್ಟರೆ, ಯಾವ ಅಕ್ಷರವನ್ನು ಯಾರು, ಎಂದು, ಏತಕ್ಕೆ ಬದಲಿಸಿದರೆಂಬುದು ಸಾಲುಸಾಲಾಗಿ ಉಳಿಯುತ್ತದೆ. ಹಲಸಿಯ ಕಾಕುತ್ಸ್ಥವರ್ಮನ ಪಟದಲ್ಲಿ ಹೇಳಿರುವ ಎಂಬತ್ತನೆಯ ವರ್ಷವು ಯಾವ ಗಣನೆಯದು ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಆ ಪುಟದಲ್ಲಿ ಮೂಲಪಾಠವು ಹಾಗೆಯೇ ನಿಂತು, ಪಕ್ಷಗಳೆಲ್ಲ ಟಿಪ್ಪಣಿಯಲ್ಲಿ ಕಾಲಕ್ರಮವಾಗಿ ಬೆಳೆಯಬಹುದು.

ಈ ಸೀಮೆಯಲ್ಲಿ ಕನ್ನಡವನ್ನೂ ಮರಾಠಿಯನ್ನೂ ಓದುವ ಜನರಿದ್ದಾರೆ. ಸ್ಫಿಂಕ್ಸ್ ಪ್ರತಿಯೊಂದು ವಾಕ್ಯವೃಂದವನ್ನೂ ಅನುವಾದಕ್ಕಾಗಿ ಬೇರೆ ಕಡತಕ್ಕೆ ಎತ್ತಿಕೊಡುತ್ತದೆ. ಅನುವಾದವಾಗದ ಭಾಗವು ಮೂಲದಲ್ಲಿಯೇ ಉಳಿಯುತ್ತದೆ. ಮೂಲವು ತಿದ್ದುಪಡಿಯಾದಾಗ ಅನುವಾದದ ಕಡತವನ್ನು ನವೀಕರಿಸಿದರೆ, ಮರುಪರಿಶೀಲನೆ ಬೇಕಾದ ಭಾಗಗಳಿಗೆ ಗುರುತು ಬೀಳುವುದು. ಹೀಗೆ ಒಂದೇ ಪಾಠವು ಎರಡು ಭಾಷೆಗಳ ವಾಚಕರಿಗೂ ಸಮನಾಗಿ ದೊರೆಯುವುದು. ಒಂದರಲ್ಲಿ ತಿದ್ದಿದ್ದು ಮತ್ತೊಂದರಲ್ಲಿ ಮರೆತುಹೋಗದು.

ಸಾಧನದ ಮಿತಿಯನ್ನೂ ಹೇಳಬೇಕು. ಸವೆದ ಅಕ್ಷರ, ಊಹಿಸಿದ ಅಕ್ಷರ, ಲುಪ್ತವಾದ ಸಾಲು ಇವುಗಳ ಸೂಕ್ಷ್ಮಭೇದವನ್ನು ಗುರುತಿಸಲು ಎಪಿಡಾಕ್ ಎಂಬ ಬೇರೊಂದು ಪದ್ಧತಿಯೇ ಸಮರ್ಥವಾದುದು. ಸ್ಫಿಂಕ್ಸಿನಲ್ಲಿ ಆವರಣಚಿಹ್ನೆಗಳ ಸಂಪ್ರದಾಯದಿಂದ ತೃಪ್ತರಾಗಬೇಕು. ಶಾಸನವನ್ನು ಓದುವ ವಿದ್ಯೆಯನ್ನಂತೂ ಯಾವ ತಂತ್ರಾಂಶವೂ ಕೊಡಲಾರದು. ಆದರೆ ಓದಿದವನ ಶ್ರಮವು ಕಪಾಟಿನಲ್ಲಿ ಅಡಗದಂತೆ ಇದು ನೋಡಿಕೊಳ್ಳಬಲ್ಲದು. ಹಲಸಿಯ ಪಟಗಳನ್ನೂ ಬೆಳಗಾವಿಯ ಎರಡು ಶಿಲಾಲೇಖಗಳನ್ನೂ ಮೊದಲು ಹೀಗೆ ಪ್ರಕಟಿಸಿದರೆ, ಲಂಡನ್ನಿಗೆ ಹೋದ ಕಲ್ಲುಗಳ ಮಾತು ಮತ್ತೆ ವೇಣುಗ್ರಾಮದ ಮಕ್ಕಳ ಕಣ್ಣಿಗೆ ಬೀಳುವುದು. ಹಲಸಿಯ ಉಪಾಧ್ಯಾಯನೊಬ್ಬನು ಕಂಡುಹಿಡಿದ ತಪ್ಪೂ ಅವನ ಹೆಸರಿನೊಡನೆ ಪಾಠದಲ್ಲಿ ನಿಲ್ಲುವುದು. ವಿದ್ವಾಂಸರು ಈ ಕಾರ್ಯದ ಕಡೆಗೆ ಮನಸ್ಸು ಕೊಡುವರೆಂದು ನಂಬಿದ್ದೇನೆ.