ಜನರೇಟರ್ ಕಾದರೆ ಹಾಲು ಕೆಟ್ಟೀತು



ಕರೆಂಟ್ ಹೋದಾಗ ಸಂಘದ ಬಲ್ಕ್ ಮಿಲ್ಕ್ ಕೂಲರ್‌ನಲ್ಲಿರುವ ಹಾಲನ್ನು 4 ಡಿಗ್ರಿಗೆ ತಣಿಸಿಡುವುದು ಡೀಸೆಲ್ ಜನರೇಟರ್. ಅದು ಕಾದು ನಿಂತರೆ ಎಲ್ಲರ ಹಾಲಿಗೂ ಕುತ್ತು.

ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಬಂದರೆ ಲೋಡ್ ತೆಗೆದು ಇಂಜಿನ್ ನಿಲ್ಲಿಸಿ. ರೇಡಿಯೇಟರ್ ಮುಚ್ಚಳವನ್ನು ಕೂಡಲೇ ತೆರೆಯಬೇಡಿ. ಕುದಿನೀರು ಚಿಮ್ಮಿ ಮುಖ, ಕೈ ಸುಡುತ್ತದೆ. ಪೂರ್ತಿ ಆರಿದ ಮೇಲೆ ಹೀಗೆ ನೋಡಿ:

• ನೀರು ಕಡಿಮೆಯಾಗಿ ನೆಲ ಒದ್ದೆಯಾಗಿದೆಯೇ? ಹೋಸ್ ಪೈಪ್, ಕ್ಲಿಪ್, ವಾಟರ್ ಪಂಪ್ ಅಥವಾ ರೇಡಿಯೇಟರ್ ಸೋರುತ್ತಿರಬಹುದು.

• ಬೆಲ್ಟ್ ಸಡಿಲವೇ, ಹರಿದಿದೆಯೇ? ಹಾಗಿದ್ದರೆ ಫ್ಯಾನ್ ಸರಿಯಾಗಿ ತಿರುಗದು.

• ನೀರು, ಬೆಲ್ಟ್ ಎರಡೂ ಸರಿಯೇ? ರೇಡಿಯೇಟರ್ ಜಾಲರಿಯಲ್ಲಿ ಧೂಳು, ಹೊಟ್ಟು ತುಂಬಿದೆಯೇ ನೋಡಿ. ಅದೂ ಶುಚಿಯಾಗಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು; ಮೆಕ್ಯಾನಿಕ್‌ಗೆ ತೋರಿಸಿ.

• ಸೋರಿಕೆ ಕಾಣದೆ ನೀರು ಇಳಿಯುತ್ತಿದ್ದು, ಆಯಿಲ್ ಹಾಲು ಬೆರೆಸಿದ ಚಹಾದಂತಾಗಿದೆಯೇ? ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಬೋರ್‌ವೆಲ್ ನೀರು ಸುರಿಯುವ ರೂಢಿ ಬಿಡಿ. ಸ್ನಾನದ ಹಂಡೆಯಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಕಂಪನಿ ಹೇಳಿದ ಕೂಲಂಟ್ ಹಾಕಿ.

ರಿಪೇರಿ ಆಗುವವರೆಗೆ ಕೂಲರ್ ಮುಚ್ಚಳ ತೆರೆಯಬೇಡಿ, ಹೊಸ ಹಾಲು ಸುರಿಯಬೇಡಿ. ಒಕ್ಕೂಟಕ್ಕೆ ತಕ್ಷಣ ಫೋನ್ ಮಾಡಿ. ಹಾಲು ಕೆಟ್ಟ ಮೇಲೆ ಜನರೇಟರ್ ಸರಿಯಾದರೇನು ಫಲ?